ಏರ್ ತೆಗೆಯುವುದು

ನಲವತ್ತಾರು ಪರದೆ ಹೊಲಿಸಿಕೊಂಡ ಮೇಲೆ
ರೆಸಾರ್ಟಿನವರು ದುಡ್ಡಿಲ್ಲ ಎಂದರು.
ಹಿಂದೆ ಒಂದು ಕಾರು ಉಂಟು, ಬೇಕಾದರೆ ಒಯ್ಯಿರಿ.
ಗೋವಾದಲ್ಲಿ ಒಂದು ಕಾಲಕ್ಕೆ ಮಾಡುತ್ತಿದ್ದದ್ದು, ಎರಡೇ ಸೀಟು,
ಬಟ್ಟೆಯ ಮಾಡು, ಅದೂ ಇಲಿ ತಿಂದದ್ದು.
ಮೀನಿನ ಟೆಂಪೋಗೆ ಹಗ್ಗ ಕಟ್ಟಿ ಎಳೆಸಿದೆ.
ಕಡೆಕಾರಿನವರೆಗೆ ಸ್ಟೇರಿಂಗ್ ಹಿಡಿದು ಕೂತವಳ ಮುಖಕ್ಕೆ
ದಾರಿಯುದ್ದ ಐಸುನೀರಿನ ಪ್ರೋಕ್ಷಣೆ.

ಬಲೆ ಇಡುವ ಕೊಟ್ಟಿಗೆ ಖಾಲಿ ಮಾಡಿದೆವು.
ಬೋಟಿನಿಂದ ಬಂದ ಇವರು ಒಂದು ಸುತ್ತು ನೋಡಿ
"ಗುಜರಿಗೆ ಹಾಕು, ಟಯರಿನ ದುಡ್ಡಾದರೂ ಸಿಗ್ತದೆ" ಎಂದು
ಹತ್ತು ದಿನಕ್ಕೆ ಮತ್ತೆ ಕಡಲಿಗೆ ಹೋದರು.
ಹತ್ತು ದಿನ ಎಂದರೆ ಬೇಕಾದಷ್ಟಾಯಿತು.
ಕಟಪಾಡಿಯ ಅಣ್ಣನ ರಿಕ್ಷಾ ಗ್ಯಾರೇಜಿನಲ್ಲಿ
ಗ್ರೀಸ್ ಡಬ್ಬದ ಪಕ್ಕ ಕೂತು ಮಗ್ಗಿ ಕಲಿತವಳು ನಾನು.

ಮೈ ಫೈಬರಿನದ್ದು, ಅದಕ್ಕೆ ತುಕ್ಕಿಲ್ಲ.
ಜ್ಯಾಕ್ ಕೊಟ್ಟು ಅಡಿಗೆ ತೂರಿ ನೋಡಿದರೆ
ಉಪ್ಪುಗಾಳಿ ಉಂಡೆದ್ದ ಎಲೆ.
ನಟ್ಟು ಯಾವುದು ಬೋಲ್ಟು ಯಾವುದು, ಎಲ್ಲ ಒಂದೇ ಕೆಂಪು ಹುಡಿ.
ಸೀಮೆಎಣ್ಣೆ ಬಿಟ್ಟೆ. ತೆಂಗಿನೆಣ್ಣೆ ಬಿಟ್ಟೆ. ಬೈದೆ.
ಬೈದದ್ದಕ್ಕೆ ಒಂದು ಸಡಿಲವಾಯಿತು.

ಮೂತಿಯ ಬಿರುಕಿಗೆ ಮಲ್ಪೆಯಿಂದ
ದೋಣಿ ಮಾಡುವ ಗುರುವ ತಿಂಗಳಾಯರು ಬಂದರು,
ರೆಸಿನ್ ಬಕೆಟ್ಟು, ಗಾಜಿನ ನಾರಿನ ಚಾಪೆಯ ಸುರುಳಿ.
ಬೆರಳಲ್ಲಿ ತಟ್ಟಿ ತಟ್ಟಿ ಕೇಳಿದರು:
"ಹೊರಗಿನ ನೀರು ಒಳಗೆ ಬರಬಾರದೋ,
ಒಳಗೆ ಬಂದದ್ದು ಹೊರಗೆ ಹೋಗಬೇಕೋ?"
ಎರಡೂ ಎಂದೆ.
"ಹಾಗಾದರೆ ದೋಣಿಯೇ."
ಮಜೂರಿ ಬೇಡ, ಹೆಂಡತಿಗೆ ಎರಡು ರವಿಕೆ ಸಾಕು ಎಂದರು.

ಮಾಡು ಹೊಲಿದದ್ದು ಅತ್ತೆ.
ಕಪ್ಪು ರೆಕ್ಸಿನ್, ಜೋಡಿ ಹೊಲಿಗೆ,
ಇಪ್ಪತ್ತೊಂದರ ಸೂಜಿ ಮೂರು ಮುರಿದವು.
ಬೇಬಿ ಎಂದು ಅವರ ಹೆಸರು, ವಯಸ್ಸು ಎಪ್ಪತ್ತೆರಡು.
ಹದಿನಾಲ್ಕು ವರ್ಷದಲ್ಲಿ ನನ್ನನ್ನು ಕೇಳಿ
ಒಂದು ಗುಂಡಿ ಹಚ್ಚಿದವರಲ್ಲ.

ಉಳಿದದ್ದು ಬ್ರೇಕು.
ಪೈಪು ಹೊಸತು, ಸಿಲಿಂಡರು ಹೊಸತು,
ಪೆಡಲು ಮಾತ್ರ ಹಣ್ಣು ಹಲಸು ತುಳಿದ ಹಾಗೆ.
ಒಳಗೆ ಗಾಳಿ. ತೆಗೆಯಲಿಕ್ಕೆ ಇಬ್ಬರು ಬೇಕು.
ಕೊಟ್ಟಿಗೆಯಲ್ಲಿ ಇದ್ದದ್ದು ನಾವಿಬ್ಬರೇ.
ಅತ್ತೆ ಸೆರಗು ಸಿಕ್ಕಿಸಿ ಡ್ರೈವರ್ ಸೀಟಿಗೆ ಇಳಿದರು,
ಬರಿಗಾಲು, ನಲವತ್ತೈದು ವರ್ಷ ಮಿಷನು ತುಳಿದದ್ದು.
ನಾನು ಎಡಬದಿಯ ಹಿಂದಿನ ಚಕ್ರದ ಬುಡದಲ್ಲಿ,
ಕೈಯಲ್ಲಿ ಸ್ಪ್ಯಾನರು, ಪೈಪಿನ ತುದಿಗೆ ಕಷಾಯದ ಬಾಟ್ಲಿ.

ಒತ್ತಿ.
ಹಿಡ್ಕೊಳ್ಳಿ.
ನಾನು ಹೇಳದೆ ಬಿಡಬೇಡಿ, ಬಿಟ್ಟರೆ ಗಾಳಿ ವಾಪಸು ಎಳೀತದೆ.
"ಬಿಡಲಾ?"
ಬಿಡಿ.

ಬಾಟ್ಲಿಯಲ್ಲಿ ಗುಳ್ಳೆ,
ಅಲೆ ಇಳಿದ ಮರಳಲ್ಲಿ ಏಡಿ ಉಸಿರು ಬಿಟ್ಟ ಹಾಗೆ.
ಮತ್ತೆ ಒತ್ತಿ. ಮತ್ತೆ ಗುಳ್ಳೆ, ಸಣ್ಣದು.
ನಾಲ್ಕು ಚಕ್ರ, ಒಂದು ಮಧ್ಯಾಹ್ನ,
ಬಿಡಲಾ ಬಿಡಲಾ ಎಂದು ಅರುವತ್ತು ಸಲ.
ಮೇಲಿಂದ ಮುಖ ಕಾಣುವುದಿಲ್ಲ,
ಬಾಗಿಲ ಸಂದಿಯಲ್ಲಿ ಹಿಮ್ಮಡಿ ಮಾತ್ರ, ಅದರ ಬಿರುಕು,
ಬಿರುಕಿನಲ್ಲಿ ಸಿಕ್ಕಿಕೊಂಡ ಒಂದು ಕೆಂಪು ನೂಲು.

ಐದು ಗಂಟೆಗೆ ಮಾಡು ಮಡಚಿ ಹೊರಟೆವು.
ಪಕ್ಕದ ಸೀಟಿನಲ್ಲಿ ಅತ್ತೆ, ಸೆರಗಿಗೆ ನಾಲ್ಕು ಪಿನ್ನು,
ಮಡಿಲಲ್ಲಿ ತಿಂಗಳಾಯರ ಮನೆಗೆ ಕೊಡುವ ರವಿಕೆ.
ಕಡಲ ಬದಿಯ ದಾರಿ, ಮೂರನೇ ಗೇರು,
"ಇಷ್ಟು ತಗ್ಗಲ್ಲಿ ಕೂತರೆ ನಾಯಿಗೆ ನಮಸ್ಕಾರ ಹೇಳ್ಬೇಕು."
ತಿರುವಿನಲ್ಲಿ ಹಠಾತ್ತನೆ ಐಸಿನ ಲಾರಿ ಅಡ್ಡ.

ಒತ್ತಿದೆ.
ಕಾರು ಗಟ್ಟಿಯಾಗಿ, ನೇರವಾಗಿ, ಒಂದು ಮಾರು ಈಚೆ ನಿಂತಿತು.
ಲಾರಿಯವನು ಬೈದು, ಕಾರನ್ನು ನೋಡಿ, ಬೈಗುಳ ಮರೆತು ಹೋದ.
ನಾನು ಗೇರು ಹಾಕಿ ಪಕ್ಕಕ್ಕೆ ತಿರುಗಿದರೆ
ಅತ್ತೆಯ ಬಲಗಾಲು
ಪೆಡಲಿಲ್ಲದ ನೆಲವನ್ನು ಬಲವಾಗಿ ಒತ್ತಿ ಹಿಡಿದಿದೆ.
ಕಣ್ಣು ನನ್ನ ಮೇಲೆ.
"ಬಿಡಲಾ?"